ಬಲಕ್ಕೊಂದು ಸುತ್ತು

ಕರಪತ್ರವನ್ನು ಮನೆಗೆ ತಂದವನು ಹಾಲೇಶನೇ. ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಅವನು ಟೈಮ್ ಕೀಪರ್. ಯಾವ ಬಸ್ಸು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಡಬೇಕು ಎಂದು ವಿಶಿಲ್ ಊದಿ ಹೇಳುವ ಕೆಲಸ. ಸಂಜೆ ಭದ್ರಾವತಿಯ ಜನ್ನಾಪುರದ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ನಾಲ್ಕು ಮಡಿಕೆಯ ಹಳದಿ ಕಾಗದ ತೆಗೆದು ಹೆಂಡತಿಯ ಮುಂದೆ ಹಿಡಿದ.

"ನೋಡು ಮಾರಾಯ್ತಿ, ನಿನಗೆ ಅಂತಾನೇ ಇಟ್ಟಿದಾರೆ. ಹಾಫ್ ಮ್ಯಾರಥಾನ್! ಅರ್ಧಕ್ಕೆ ಬಿಡೋ ಸ್ಪರ್ಧೆ ಅಂದ್ರೆ ನೀನೇ ಫಸ್ಟು."

ಶೀಲಾ ನಕ್ಕಳು. ಈ ತಮಾಷೆಗೆ ಅವರ ಮದುವೆಯಷ್ಟೇ ವಯಸ್ಸು. ಬಿ.ಕಾಂ. ಎರಡನೇ ವರ್ಷಕ್ಕೆ ನಿಂತಿತ್ತು. ಹೊಲಿಗೆ ಕ್ಲಾಸು ಬ್ಲೌಸಿನ ತೋಳಿನವರೆಗೆ ಬಂದು ನಿಂತಿತ್ತು. ಸ್ಕೂಟರ್ ಲೈಸೆನ್ಸು ಕಲಿಕೆಯ ಹಂತದಲ್ಲೇ ಅವಧಿ ಮುಗಿಸಿಕೊಂಡಿತ್ತು. ಟ್ರಂಕಿನ ತಳದಲ್ಲಿ ಒಂದೇ ತೋಳಿನ ನೀಲಿ ಸ್ವೆಟರೊಂದು ಇಂದಿಗೂ ಇನ್ನೊಂದು ತೋಳಿಗಾಗಿ ಕಾಯುತ್ತಿತ್ತು. ಪ್ರತಿಯೊಂದು ನಿಂತಿದ್ದಕ್ಕೂ ಒಂದು ಕಾರಣವಿತ್ತು. ಯಾರಿಗೋ ಜ್ವರ, ಯಾರದೋ ಬಾಣಂತನ, ಯಾರದೋ ಪರೀಕ್ಷೆ. ವರ್ಷ ಕಳೆದಂತೆ ಕಾರಣಗಳು ಮರೆತುಹೋಗಿ ಅರ್ಧಗಳು ಮಾತ್ರ ಉಳಿದುಕೊಂಡಿದ್ದವು. ಅವಳಿಗೆ ಅದರ ಬಗ್ಗೆ ಕಹಿಯೇನೂ ಇರಲಿಲ್ಲ. ಆದರೆ ನಗುವಾಗ ಪ್ರತಿ ಸಲವೂ ಒಂದು ಕ್ಷಣ ತಡವಾಗಿ ನಗುತ್ತಿದ್ದಳು. ಅದು ಹಾಲೇಶನಿಗೆ ಗೊತ್ತಾಗುತ್ತಿರಲಿಲ್ಲ.

ಅವನು ಕೈಕಾಲು ತೊಳೆಯಲು ಹೋದ ಮೇಲೆ ಕಾಗದವನ್ನು ಅಡುಗೆಮನೆ ಕಟ್ಟೆಯ ಮೇಲೆ ಬಿಡಿಸಿ ಓದಿದಳು. ಶಿವಮೊಗ್ಗದ ರವೀಂದ್ರನಗರದ ಪಾರ್ಕಿನಿಂದ ಹೊರಟು, ನಾಲೆ ಪಕ್ಕದ ದಾರಿ ಹಿಡಿದು, ಬಡಾವಣೆಗಳ ಪಾರ್ಕುಗಳನ್ನು ಹಾದು ಮತ್ತೆ ಅಲ್ಲಿಗೇ ಬರುವುದು. ಒಂದು ಸುತ್ತಿಗೆ ಏಳು ಕಿಲೋಮೀಟರ್, ಒಟ್ಟು ಮೂರು ಸುತ್ತು. ಶುಲ್ಕ ನೂರೈವತ್ತು ರೂಪಾಯಿ, ತಿಂಡಿ ಸೇರಿ. ಮೂರೂವರೆ ಗಂಟೆಯೊಳಗೆ ಮುಗಿಸಿದವರಿಗೆ ಪದಕ, ಮೈಕಿನಲ್ಲಿ ಹೆಸರು ಓದುವುದು. ಕೊನೆಯ ಸಾಲು ಹೀಗಿತ್ತು: 'ಸಮಯ ಮೀರಿದವರಿಗೆ ತಿಂಡಿ ಮಾತ್ರ.'

ತಿಂಡಿ ಮಾತ್ರ. ಆ ಎರಡು ಪದ ಓದಿ ಅವಳಿಗೆ ಯಾಕೋ ರೋಷ ಬಂತು. ಮಾರನೆಯ ದಿನ ಫೋನ್ ಮಾಡಿ ಹೆಸರು ಬರೆಸಿದಳು.

ಓಟ ಅವಳಿಗೆ ಹೊಸದಾಗಿರಲಿಲ್ಲ. ಎರಡು ವರ್ಷದ ಹಿಂದೆ ಅತ್ತೆ ಮಾಸ್ತಮ್ಮನಿಗೆ ಮಂಡಿನೋವು ಶುರುವಾದಾಗ, ದಿನಾ ಸ್ವಲ್ಪ ನಡೆಸಿ ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಅತ್ತೆಯನ್ನು ಬೀದಿ ಕೊನೆಯ ಪಾರ್ಕಿಗೆ ಕರೆದುಕೊಂಡು ಹೋಗುವುದು ಶೀಲಾಳ ಕೆಲಸವಾಯಿತು. ಪಾರ್ಕಿನ ನಡುವೆ ಒಂದು ಅಶ್ವತ್ಥ ಕಟ್ಟೆ, ಅದರ ಮೇಲೆ ನಾಲ್ಕು ನಾಗರಕಲ್ಲು. ಮಾಸ್ತಮ್ಮ ಒಂದು ಸುತ್ತು ನಡೆದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಕೂತವಳ ಎದುರು ಸುಮ್ಮನೆ ನಿಲ್ಲಲಾಗದೆ ಶೀಲಾ ಇನ್ನೊಂದು ಸುತ್ತು ಹೋಗುತ್ತಿದ್ದಳು. ಒಂದು ದಿನ ತುಂತುರು ಮಳೆ ಶುರುವಾಗಿ, ನೆನೆಯಬಾರದೆಂದು ಓಡಿದಳು. ಕಟ್ಟೆಯ ಹತ್ತಿರ ಬಂದ ಮೇಲೂ ಕಾಲು ನಿಲ್ಲಲಿಲ್ಲ. ಎರಡು ಸುತ್ತು ಓಡಿ ಏದುಸಿರು ಬಿಡುತ್ತಾ ನಿಂತಾಗ, ನಲವತ್ತೈದು ವರ್ಷ ತನ್ನ ಜೊತೆಗೇ ಇದ್ದ ಈ ಕಾಲುಗಳನ್ನು ಅವತ್ತೇ ಮೊದಲ ಸಲ ನೋಡಿದಂತೆ ಕೆಳಗೆ ನೋಡಿಕೊಂಡಿದ್ದಳು.

ಎದುರು ಮನೆಯ ಕರಿಯಮ್ಮ ಸುಮ್ಮನಿರುತ್ತಾಳೆಯೇ? "ಏನ್ ಮಾಸ್ತಮ್ಮ, ನಿನ್ನ ಸೊಸೆಗೆ ಏನಾಗಿದೆ? ಬೆಳಬೆಳಿಗ್ಗೆ ದನ ತಪ್ಪಿಸ್ಕೊಂಡೋರ ತರ ಓಡ್ತಾಳಲ್ಲ!"

"ಹರಕೆ ಕಣೆ," ಎಂದಳು ಮಾಸ್ತಮ್ಮ, ಕಣ್ಣು ಮಿಟುಕಿಸದೆ. "ನಾಗಪ್ಪಂಗೆ ನಲವತ್ತೆರಡು ಸುತ್ತು."

"ಏನು ಹರಕೆ?"

"ಹೇಳಬಾರ್ದು. ಹೇಳಿದ್ರೆ ಫಲ ಹೋಗುತ್ತೆ."

ಮನೆಗೆ ಬರುವಾಗ ಶೀಲಾ, "ನಲವತ್ತೆರಡು ಅಂತ ಯಾಕೆ ಹೇಳಿದ್ರಿ ಅತ್ತೆ?" ಎಂದು ಕೇಳಿದ್ದಕ್ಕೆ, "ಬಾಯಿಗೆ ಬಂತು, ಹೇಳ್ದೆ. ದೊಡ್ಡ ಸಂಖ್ಯೆ ಹೇಳಿದ್ರೆ ನಾಳೆ ಮತ್ತೆ ಕೇಳೋದಿಲ್ಲ," ಎಂದಿದ್ದಳು. ಅಂದಿನಿಂದ ಶೀಲಾಳ ಓಟಕ್ಕೆ ಬೀದಿಯಲ್ಲಿ ಯಾರ ತಕರಾರೂ ಇರಲಿಲ್ಲ. ಹರಕೆ ಹೊತ್ತವಳನ್ನು ಯಾರು ತಡೆಯುತ್ತಾರೆ? ಮಾಸ್ತಮ್ಮ ಸೆರಗಿನ ಗಂಟಿನಲ್ಲಿ ಹುಣಿಸೆಬೀಜ ತಂದು, ಸೊಸೆ ಒಂದು ಸುತ್ತು ಬಂದಾಗಲೆಲ್ಲ ಒಂದೊಂದನ್ನು ಎಡಮಗ್ಗುಲಿಂದ ಬಲಮಗ್ಗುಲಿಗೆ ಇಡತೊಡಗಿದಳು. ಹರಕೆಯ ಮೇಲೆ ಹರಕೆಯ ಶಿಸ್ತೂ ಬಂತು. ನಾಗಪ್ಪ ಬಲಗಡೆಯೇ ಇರಬೇಕು. ಅಪ್ಪಿತಪ್ಪಿಯೂ ಹಿಂದಕ್ಕೆ ತಿರುಗುವಂತಿಲ್ಲ.

ಪಾರ್ಕಿನ ಸುತ್ತು ಅರ್ಧ ಕಿಲೋಮೀಟರ್ ಎಂದು ಶೀಲಾಳಿಗೆ ಗೊತ್ತಿತ್ತು. ಕರಪತ್ರ ನೋಡಿದ ರಾತ್ರಿ ಲೆಕ್ಕ ಹಾಕಿದಾಗ ಅತ್ತೆಯ ಬಾಯಿಗೆ ಬಂದ ನಲವತ್ತೆರಡು ಸುತ್ತು ಸರಿಯಾಗಿ ಇಪ್ಪತ್ತೊಂದು ಕಿಲೋಮೀಟರೇ ಆಗಿತ್ತು. ಆದರೆ ನಲವತ್ತೆರಡು ಎಂದೂ ಪೂರ್ತಿ ಆಗಿರಲಿಲ್ಲ. ಭಾನುವಾರಗಳಲ್ಲಿ ಮೂವತ್ತಕ್ಕೆ ಬಂದಿದ್ದಳು, ಒಂದು ಸಲ ಮೂವತ್ತಾರಕ್ಕೆ. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬರುತ್ತಿತ್ತು, ಇಲ್ಲವೇ ಗ್ಯಾಸಿನವನು. ಕಡಿಮೆಯೆಂದರೂ ಆರು ಹುಣಿಸೆಬೀಜ ಎಡಮಗ್ಗುಲಲ್ಲೇ ಉಳಿದುಬಿಡುತ್ತಿದ್ದವು.

"ಪೂರ್ತಿ ಒಂದು ಸಲ ಆಗ್ಬೇಕು ಅತ್ತೆ," ಎಂದಿದ್ದಳು ಶೀಲಾ. "ಯಾರೂ ಕರೀದೆ ಇರೋ ಜಾಗದಲ್ಲಿ."

ಜನವರಿಯ ಆ ಭಾನುವಾರ ಮೂವರೂ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟರು. ಮಂಡಿನೋವಿಗೆ ಚಳಿ ಆಗದು, ಮನೆಯಲ್ಲಿರು ಎಂದು ಹಾಲೇಶ ಎಷ್ಟು ಹೇಳಿದರೂ ಮಾಸ್ತಮ್ಮ ಕೇಳಲಿಲ್ಲ. "ಎಣಿಸೋರು ಯಾರು, ನೀನಾ?" ಎಂದು ಮಂಕಿ ಟೋಪಿ ಎಳೆದುಕೊಂಡಳು.

ಓಟದ ದಾರಿಯ ಕೊನೆಯ ಪಾರ್ಕು ದೊಡ್ಡದು. ಅಲ್ಲೂ ನಡುವೆ ಅಶ್ವತ್ಥ ಕಟ್ಟೆ, ನಾಗರಕಲ್ಲು. ಓಡುವವರು ಗೇಟಿನಿಂದ ಒಳಗೆ ಬಂದು, ಪಾರ್ಕನ್ನು ಒಂದು ಸುತ್ತು ಹಾಕಿ, ಅದೇ ಗೇಟಿನಿಂದ ಹೊರಗೆ ಹೋಗಬೇಕು. ಕಟ್ಟೆ ಕಂಡದ್ದೇ ಮಾಸ್ತಮ್ಮ, "ನಾನು ಇಲ್ಲೇ ಕೂರ್ತೀನಿ," ಎಂದಳು. ಹಾಲೇಶ ಆಟೋದಿಂದ ಅವಳನ್ನು ಇಳಿಸಿ, ಫ್ಲಾಸ್ಕು, ಶಾಲು ಕೊಟ್ಟು, ಹೆಂಡತಿಯ ಜೊತೆ ಒಂದು ಕಿಲೋಮೀಟರ್ ಆಚೆಯ ರವೀಂದ್ರನಗರದ ಪಾರ್ಕಿಗೆ ಬಂದ.

ಅಲ್ಲಿ ಮುನ್ನೂರು ಜನ ಇದ್ದಿರಬಹುದು. ಶಾಮಿಯಾನ, ಸ್ಟೀಲ್ ಡ್ರಮ್ಮಿನಲ್ಲಿ ನೀರು, ಮೂಲೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆಯ ವಾಸನೆ. ಎದೆಗೆ ಸಿಕ್ಕಿಸುವ ನಂಬರು ಕೊಡುತ್ತಿದ್ದವನು, "ಪಿನ್ನು ಖಾಲಿ ಮೇಡಂ, ನಿಮ್ಮ ಕಡೆ ಇದ್ರೆ..." ಎಂದ. ಶೀಲಾ ಬಳೆಯಿಂದ ಎರಡು, ಮಾಂಗಲ್ಯದಿಂದ ಎರಡು ಪಿನ್ನು ತೆಗೆದು ೨೧೪ ನಂಬರನ್ನು ಸಿಕ್ಕಿಸಿಕೊಂಡಳು. ಹಿಂದಿದ್ದ ಇಬ್ಬರು ಕಾಲೇಜು ಹುಡುಗಿಯರು, "ಆಂಟಿ, ನಮಗೂ ಇದ್ಯಾ?" ಎಂದರು. ಬಳೆಯಲ್ಲಿ ಉಳಿದಿದ್ದ ಪಿನ್ನುಗಳನ್ನು ಅವರಿಗೂ ಕೊಟ್ಟಳು.

ಆರು ಗಂಟೆಗೆ ಓಟ ಎಂದಿತ್ತು. ಆದರೆ ಆರಕ್ಕೆ ಮುಖ್ಯ ಅತಿಥಿ ಮೈಕು ಹಿಡಿದರು. ಆರೋಗ್ಯವೇ ಭಾಗ್ಯ ಎಂಬಲ್ಲಿಂದ ಶುರು ಮಾಡಿ ತಮ್ಮ ಕಾಲೇಜು ದಿನಗಳ ಕಬಡ್ಡಿಗೆ ಬಂದರು. ಓಟ ನಡೆಸುತ್ತಿದ್ದ ಪಿಟಿ ಮೇಷ್ಟರು ಚಂದ್ರಹಾಸ ಎರಡು ಸಲ ಕೆಮ್ಮಿದರು. ಚಳಿಗೆ ಜನ ನಿಂತಲ್ಲೇ ಕುಣಿಯುತ್ತಿದ್ದರು. ಕೊನೆಗೂ ವಿಶಿಲ್ ಆಯಿತು. ಹಗ್ಗದ ಆಚೆ ನಿಂತಿದ್ದ ಹಾಲೇಶ ಅಭ್ಯಾಸಬಲದಿಂದ ಗಡಿಯಾರ ನೋಡಿ, ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಳ್ಳುವುದು ಶೀಲಾಳ ಕಣ್ಣಂಚಿಗೆ ಬಿತ್ತು. ಭಾನುವಾರವೂ ಇವರಿಗೆ ಬಸ್ಸೇ, ಎಂದುಕೊಂಡು ಓಡಿದಳು.

ಮೊದಲ ಸುತ್ತು ಜಾತ್ರೆಯಂತಿತ್ತು. ನಾಲೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ನೈಟಿ ಮೇಲೆ ಸ್ವೆಟರು ಹಾಕಿಕೊಂಡ ಹೆಂಗಸರು ರಂಗೋಲಿ ಬಿಟ್ಟು ಎದ್ದು ನಿಂತು ನೋಡುತ್ತಿದ್ದರು. ದೊಡ್ಡ ಪಾರ್ಕಿನ ಗೇಟು ದಾಟುತ್ತಿದ್ದಂತೆ ದಾರಿ ಎರಡಾಗಿತ್ತು. ಒಂದು ಉಯ್ಯಾಲೆಗಳ ಪಕ್ಕದಿಂದ, ಒಂದು ನೀರಿನ ಟ್ಯಾಂಕಿನ ಪಕ್ಕದಿಂದ. ಸುಣ್ಣದಲ್ಲಿ ಬರೆದ ಬಾಣ ಟ್ಯಾಂಕಿನ ಕಡೆ ತೋರಿಸುತ್ತಿತ್ತು. ಎಲ್ಲರ ಜೊತೆ ಶೀಲಾಳೂ ಹಾಗೇ ಹೋದಳು. ನಾಲ್ಕು ಹೆಜ್ಜೆ ಹೋದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ನೋಡಿದರೆ ಕಟ್ಟೆ ಎಡಗಡೆಗಿತ್ತು.

ಕಟ್ಟೆಯ ಮೇಲಿಂದ ಮಾಸ್ತಮ್ಮನ ದನಿಯೂ ಕೇಳಿತು. "ಏ ಏನ್ರಪ್ಪಾ, ಎಲ್ರೂ ಅಪ್ರದಕ್ಷಿಣೆ ಹೊರಟಿದೀರಲ್ಲ! ಓದಿದೋರಲ್ವಾ ನೀವೆಲ್ಲ?" ಒಬ್ಬ ಓಡುತ್ತಲೇ ಕೈಮುಗಿದ. ಉಳಿದವರು ನಕ್ಕರು.

ಪಾರ್ಕಿನ ಆ ತುದಿಯಲ್ಲಿ, ಗೇಟಿಗೆ ನೇರ ಎದುರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಸವರಾಜೇಶ್ವರಿ ಎಂಬ ನಿವೃತ್ತ ಟೀಚರು ಕೂತಿದ್ದರು. ಸುತ್ತು ಎಣಿಸಲು ಈ ಓಟದಲ್ಲಿ ಯಂತ್ರಗಿಂತ್ರ ಇರಲಿಲ್ಲ. ತರಕಾರಿ ಕಟ್ಟುವ ರಬ್ಬರ್ ಬ್ಯಾಂಡುಗಳು. ಮೊದಲ ಸುತ್ತಿಗೆ ಕೆಂಪು, ಎರಡನೆಯದಕ್ಕೆ ಹಳದಿ, ಮೂರನೆಯದಕ್ಕೆ ಹಸಿರು. ಕೈಗೆ ಮೂರೂ ಬಣ್ಣ ಬಂದವರಿಗೆ ಮಾತ್ರ ಪದಕ.

ಎರಡನೇ ಸುತ್ತಿನಲ್ಲಿ ಜನ ಚದುರಿದರು. ಮೂರನೇ ಸುತ್ತಿಗೆ ಶೀಲಾ ಒಬ್ಬಳೇ. ಎಷ್ಟೋ ಜನ ಆಗಲೇ ಮುಗಿಸಿ ತಟ್ಟೆ ಹಿಡಿದಿದ್ದರು. ಒಬ್ಬಳೇ ಆದದ್ದು ಅವಳಿಗೆ ಹಿತವಾಗಿತ್ತು. ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ಹದಿನೆಂಟನೇ ಕಿಲೋಮೀಟರು ದಾಟಿದಾಗ ನಕ್ಕಳು. ಇಲ್ಲಿಂದಾಚೆಗೆ ತಾನು ಎಂದೂ ಹೋಗಿರಲಿಲ್ಲ. ನಲ್ಲಿ ನೀರು ಬರಲಿ, ಗ್ಯಾಸಿನವನು ಬರಲಿ, ಇವತ್ತು ಅವಳು ಊರಲ್ಲಿಲ್ಲ. ತೊಡೆಗಳು ಕಲ್ಲಾಗಿದ್ದವು. ತಲೆ ಮಾತ್ರ ತೊಳೆದಿಟ್ಟ ಪಾತ್ರೆಯಂತೆ ಖಾಲಿಯಾಗಿತ್ತು.

ಆ ಖಾಲಿ ತಲೆಯಲ್ಲೇ ದೊಡ್ಡ ಪಾರ್ಕಿನ ಗೇಟು ದಾಟಿದಳು. ಹಿಂಬಾಲಿಸಲು ಮುಂದೆ ಯಾರೂ ಇರಲಿಲ್ಲ. ಸುಣ್ಣದ ಬಾಣ ನೂರಾರು ಕಾಲಿಗೆ ಸಿಕ್ಕಿ ಅಳಿಸಿಹೋಗಿತ್ತು. ಆಗಲೇ ಕಟ್ಟೆಯ ಮೇಲಿಂದ ಕೂಗು ಕೇಳಿತು.

"ಶೀಲಾ! ಬಲಕ್ಕೆ ಇಟ್ಕೊಂಡು ಹೋಗೇ!"

ಇಪ್ಪತ್ತನಾಲ್ಕು ವರ್ಷದಿಂದ ಆ ದನಿ ಹೇಳಿದ್ದನ್ನು ಮೊದಲು ಮಾಡಿ ಆಮೇಲೆ ಯೋಚಿಸುವುದು ಅವಳ ರೂಢಿ. ಕಾಲು ಉಯ್ಯಾಲೆಗಳ ದಾರಿಗೆ ತಿರುಗಿತು. ಕಟ್ಟೆ ಬಲಕ್ಕೆ ಬಂತು. ಎಲ್ಲ ಸರಿಯಾಯಿತು ಅನ್ನಿಸಿ ಮೈ ಹಗುರವಾಯಿತು. ಜನ್ನಾಪುರದ ಪಾರ್ಕಿನಲ್ಲಿ ಓಡಿದಂತೆಯೇ ಓಡಿದಳು. ಬಸವರಾಜೇಶ್ವರಿಯವರು ಕುರ್ಚಿಯಿಂದ ಎದ್ದು ಎರಡೂ ಕೈ ಆಡಿಸುವುದು ಕಂಡಾಗಲೇ ಎಚ್ಚರವಾದದ್ದು.

"ಅಯ್ಯೋ ಅಕ್ಕಾ, ಉಲ್ಟಾ ಬಂದ್ರಲ್ಲ!"

ಶೀಲಾ ನಿಂತಳು. ಹಿಂತಿರುಗಿ ನೋಡಿದರೆ ಮಾಸ್ತಮ್ಮ ಕಟ್ಟೆಯ ಮೇಲೆ ಸಮಾಧಾನದಿಂದ ಕಾಲು ಚಾಚಿಕೊಂಡಿದ್ದಳು.

"ನಮ್ಮತ್ತೆ ಕೂಗಿದ್ರು," ಎಂದಳು. ಹೇಳಿದ ಮೇಲೆ ತನಗೇ ನಗು ಬಂತು, ಅಳುವೂ ಬಂತು.

ಬಸವರಾಜೇಶ್ವರಿಯವರಿಗೂ ನಗು ತಡೆಯಲಾಗಲಿಲ್ಲ. "ನಂಗೂ ಎರಡು ಸಲ ಬೈದ್ರು, ದಾರಿ ಬದಲಾಯಿಸ್ರಿ ಅಂತ." ಆಮೇಲೆ ಗಡಿಯಾರ ನೋಡಿ ಮುಖ ಸಣ್ಣ ಮಾಡಿಕೊಂಡರು. "ಈಗ ಒಂಬತ್ತು ಹದಿನಾಲ್ಕು. ಒಂಬತ್ತೂವರೆಗೆ ಕ್ಲೋಸು. ಬಾಣದ ಪ್ರಕಾರವೇ ಸುತ್ತಬೇಕು ಅಂತ ರೂಲು. ಆದ್ರೆ ಸುತ್ತು ಸುತ್ತೇ ತಾನೇ? ಯಾವ ಕಡೆಯಿಂದ ಬಂದ್ರೇನು, ದೂರ ಅಷ್ಟೇ. ಇಲ್ಲಿ ಯಾರೂ ಇಲ್ಲ. ಹಸಿರು ಬ್ಯಾಂಡು ತಗೊಳ್ಳಿ, ಹೊರಡಿ. ಆರಾಮಾಗಿ ಮುಟ್ತೀರಿ."

ಹಸಿರು ಬ್ಯಾಂಡು ಅವರ ಬೆರಳಿನಲ್ಲಿತ್ತು. ಶೀಲಾ ಕೈ ಚಾಚಿದಳು. ಚಾಚಿದ ಕೈಯನ್ನು ಹಾಗೇ ನೋಡಿದಳು. ಕೆಂಪು, ಹಳದಿ. ಈಗ ಹಸಿರು ಬಂದರೆ ಪದಕ ಬರುತ್ತದೆ, ಹೆಸರು ಓದುತ್ತಾರೆ, ಹಾಲೇಶನ ತಮಾಷೆ ಮುಗಿಯುತ್ತದೆ. ಆದರೆ ಮನೆಯಲ್ಲಿ ಪದಕ ನೇತುಹಾಕಿದ ಮೊಳೆಯನ್ನು ನೋಡಿದಾಗಲೆಲ್ಲ ಈ ಕುರ್ಚಿ ನೆನಪಾಗುತ್ತದೆ. ಹಾಲೇಶನಿಗೆ ಗೊತ್ತಾಗುವುದಿಲ್ಲ, ಅವಳಿಗೆ ಗೊತ್ತಿರುತ್ತದೆ. ಟ್ರಂಕಿನಲ್ಲಿರುವ ಸ್ವೆಟರಿಗೆ ಅಂಗಡಿಯಿಂದ ಕೊಂಡ ತೋಳು ಹೊಲಿದ ಹಾಗೆ.

"ಬೇಡ ಮೇಡಂ. ಸರಿಯಾಗಿ ಬರ್ತೀನಿ."

"ವಾಪಸ್ ಗೇಟಿಗೆ ಹೋಗಿ, ಮತ್ತೆ ಇಡೀ ಸುತ್ತು ಬರಬೇಕಾಗುತ್ತೆ. ಎಂಟುನೂರು ಮೀಟರ್ ಜಾಸ್ತಿ. ಟೈಮ್ ಸಿಗಲ್ಲ ಕಣ್ರೀ. ತಿಂಡಿ ಮಾತ್ರ ಆಗುತ್ತೆ."

"ಆಗ್ಲಿ."

ಹಿಂದಕ್ಕೆ ತಿರುಗಿದವಳು ಒಂದು ಹೆಜ್ಜೆ ಇಟ್ಟು ನಿಂತಳು. ಸರಿಯಾಗಿ ಅರ್ಧ ಸುತ್ತಿನಲ್ಲಿ ನಿಂತಿದ್ದಳು ಅವಳು. ಇಲ್ಲಿಂದ ಗೇಟಿಗೆ ಹಿಂದಕ್ಕೆ ಹೋದರೂ ಅಷ್ಟೇ, ಮುಂದಕ್ಕೆ ಹೋದರೂ ಅಷ್ಟೇ. ಹಿಂದಕ್ಕೆ ಹೋದರೆ ಅತ್ತೆಯ ಪ್ರದಕ್ಷಿಣೆ ಅರ್ಧಕ್ಕೆ ನಿಲ್ಲುತ್ತದೆ. ಮುಂದಕ್ಕೆ ಹೋದರೆ ಅದೂ ಪೂರ್ತಿ ಆಗುತ್ತದೆ. ಇಷ್ಟು ಸುಲಭದ ಲೆಕ್ಕ ತನ್ನ ಬದುಕಿನಲ್ಲಿ ಎಂದೂ ಸಿಕ್ಕಿರಲಿಲ್ಲ ಅನ್ನಿಸಿತು. ಮುಂದಕ್ಕೇ ಓಡಿದಳು.

ಟ್ಯಾಂಕಿನ ಕಡೆಯಿಂದ ಗೇಟು ಮುಟ್ಟಿ, ಬಂದ ದಾರಿಗೇ ತಿರುಗಿದಳು. ಈ ಸಲ ಬಾಣದ ಪ್ರಕಾರ.

"ಏಯ್, ಮತ್ತೆ ಎಡಕ್ಕೆ ಹಾಕ್ಕೊಂಡ್ಯಲ್ಲೇ!" ಎಂದಳು ಮಾಸ್ತಮ್ಮ.

"ನಿಮ್ಮದು ಆಯ್ತು ಅತ್ತೆ! ಇದು ಅವರದ್ದು!" ಓಡುತ್ತಲೇ ಕೂಗಿದಳು ಶೀಲಾ. ಅತ್ತೆಯ ಎದುರು ಇಷ್ಟು ಜೋರಾಗಿ ಅವಳು ಮಾತಾಡಿದ್ದು ಅದೇ ಮೊದಲು. ಮಾಸ್ತಮ್ಮನಿಗೆ ಎಷ್ಟು ಅರ್ಥವಾಯಿತೋ, ಕೈ ಎತ್ತಿ, "ಹೋಗು ಹೋಗು, ಬೇಗ ಹೋಗು," ಎಂದಳು.

ಬಸವರಾಜೇಶ್ವರಿಯವರು ಹಸಿರು ಬ್ಯಾಂಡನ್ನು ತಾವೇ ಅವಳ ಮುಂಗೈಗೆ ತೊಡಿಸಿ, ಎರಡು ಹೆಜ್ಜೆ ಜೊತೆಗೂ ಓಡಿದರು. ಆಮೇಲೆ ಗೇಟು, ಮೆಡಿಕಲ್ ಶಾಪು, ಬೇಕರಿ, ಹಾಲಿನ ಬೂತು. ಟೈಮು ನೋಡಲು ಅವಳ ಕೈಯಲ್ಲಿ ಗಡಿಯಾರವಿರಲಿಲ್ಲ. ಬೇಕರಿಯ ಗೋಡೆಯಲ್ಲಿತ್ತು, ನೋಡಲಿಲ್ಲ. ತಿಂಡಿ ಮಾತ್ರ ಆದರೆ ಆಗಲಿ, ಉಪ್ಪಿಟ್ಟನ್ನು ತಲೆ ಎತ್ತಿಕೊಂಡು ತಿನ್ನುತ್ತೇನೆ ಎಂದುಕೊಂಡಳು. ಆದರೆ ಕಾಲು ನಿಧಾನ ಮಾಡಲಿಲ್ಲ.

ರವೀಂದ್ರನಗರದ ಪಾರ್ಕಿಗೆ ಬಂದಾಗ ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು. ಅವಳು ಸುಣ್ಣದ ಗೆರೆ ದಾಟಿ ಕಂಬ ಹಿಡಿದು ನಿಂತಳು. ಚಂದ್ರಹಾಸ ಮೇಷ್ಟರು ಮರುಕದಿಂದಲೇ ಬಂದರು.

"ತುಂಬಾ ಚೆನ್ನಾಗಿ ಪ್ರಯತ್ನ ಮಾಡಿದ್ರಿ ಮೇಡಂ. ಒಂಬತ್ತು ಮೂವತ್ತೈದಾಗಿದೆ. ಐದು ನಿಮಿಷ ಆಚೆ. ತಿಂಡಿ ತಗೊಳ್ಳಿ, ಬಿಸಿ ಇದೆ."

"ಸಾರ್, ಒಂದ್ನಿಮಿಷ." ಜನರ ಹಿಂದಿನಿಂದ ಹಾಲೇಶ ಮುಂದೆ ಬಂದ. ಬಸ್ ನಿಲ್ದಾಣದಲ್ಲಿ ಜಗಳಕ್ಕೆ ನಿಂತ ಕಂಡಕ್ಟರುಗಳ ನಡುವೆ ಹೋಗುವಾಗಿನ ಅದೇ ನಡಿಗೆ. "ಗಾಡಿ ಬಿಟ್ಟಿದ್ದು ಎಷ್ಟೊತ್ತಿಗೆ?"

"ಯಾವ ಗಾಡಿ?"

"ಓಟ ಸಾರ್, ಓಟ. ಯಾವಾಗ ಬಿಟ್ರಿ?"

"ಆರಕ್ಕೆ."

"ಆರಕ್ಕೆ ನಿಮ್ಮ ಗೆಸ್ಟು ಕಬಡ್ಡಿ ಆಡ್ತಿದ್ರು." ಹಾಲೇಶ ಅಂಗೈ ಚಾಚಿದ. ಬೆವರಿಗೆ ಶಾಯಿ ಹರಡಿದ್ದರೂ ಓದಬಹುದಿತ್ತು. ಆರು ಏಳು. "ಬಿಟ್ಟ ಟೈಮಿಂದ ಲೆಕ್ಕ ಸಾರ್. ನೀವು ಲೇಟಾಗಿ ಬಿಟ್ಟು, ಬರೋದು ಮಾತ್ರ ಕರೆಕ್ಟಾಗಿ ಬಾ ಅಂದ್ರೆ ಯಾವ ಡ್ರೈವರ್ ಒಪ್ತಾನೆ? ಮೂರೂವರೆ ಗಂಟೆ ಅಂದ್ರೆ ಒಂಬತ್ತು ಮೂವತ್ತೇಳು. ಇವಳು ಎರಡು ನಿಮಿಷ ಮುಂಚೆ ಬಂದಿದಾಳೆ."

ಚಂದ್ರಹಾಸ ಮೇಷ್ಟರು ಕತ್ತಿನಲ್ಲಿ ನೇತಾಡುತ್ತಿದ್ದ ಸ್ಟಾಪ್ ವಾಚನ್ನು ಎತ್ತಿ ನೋಡಿದರು. ಆಮೇಲೆ ತಮ್ಮ ತಲೆಗೆ ತಾವೇ ಒಂದು ತಟ್ಟಿಕೊಂಡರು. "ಅಲ್ಲ, ಭಾಷಣ ಮರೆತೇಬಿಟ್ಟಿದ್ದೆ ಮಾರಾಯ್ರೆ! ಏ, ಮೈಕ್ ತೆಗೀಬೇಡ್ರೋ, ತಾಳ್ರಿ!"

ಹೀಗೆ, ತಟ್ಟೆ ತೊಳೆಯುತ್ತಿದ್ದವರು, ಕುರ್ಚಿ ಮಡಚುತ್ತಿದ್ದವರು, ಪಿನ್ನು ಪಡೆದಿದ್ದ ಇಬ್ಬರು ಹುಡುಗಿಯರು, ಇಷ್ಟು ಜನರ ಎದುರು ಶೀಲಾಳ ಹೆಸರನ್ನು ಓದಿದರು. ಜನ್ನಾಪುರ, ಭದ್ರಾವತಿ ಎಂದೂ ಸೇರಿಸಿದರು. ಹುಡುಗಿಯರು ಸೀಟಿ ಹೊಡೆದರು. ಪದಕ ತೆಳ್ಳಗಿತ್ತು, ದಾರ ಉದ್ದವಾಗಿ ಹೊಟ್ಟೆಯವರೆಗೆ ಬಂತು. ಮಾಂಗಲ್ಯಕ್ಕೆ ತಗುಲಿ ಸಣ್ಣಗೆ ಸದ್ದು ಮಾಡಿತು.

ಹಾಲೇಶ ಉಪ್ಪಿಟ್ಟಿನ ತಟ್ಟೆ ತಂದು ಕೊಟ್ಟು, "ಕಳೆದ ಸುತ್ತಿನಲ್ಲಿ ಸರಿಯಾಗಿ ಬರ್ತಿದ್ದೆ. ಈ ಸಲ ಎಂಟು ನಿಮಿಷ ಎಲ್ಲಿ ಹಾಕ್ದೆ?" ಎಂದ.

"ನಿಮ್ಮಮ್ಮನ್ನ ಕೇಳಿ. ಒಂದು ಸುತ್ತು ಜಾಸ್ತಿ ಓಡಿಸಿದ್ರು."

ಅವನು ಕಥೆ ಪೂರ್ತಿ ಕೇಳಿದ. ನಗುತ್ತಾನೆ ಅಂದುಕೊಂಡಳು. ನಗಲಿಲ್ಲ. ಅಂಗೈಯ ಶಾಯಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ, "ಬ್ಯಾಂಡು ಕೊಟ್ರೂ ತಗೊಳ್ಳಲಿಲ್ವಾ?" ಎಂದ. ಅವಳ ತಟ್ಟೆ ನೋಡಿ, "ಇನ್ನೊಂಚೂರು ಉಪ್ಪಿಟ್ಟು ಹಾಕಿಸ್ಕೊಂಡು ಬರ್ಲಾ?" ಎಂದ. ಇಪ್ಪತ್ತನಾಲ್ಕು ವರ್ಷದಲ್ಲಿ ಅವನ ಮಾತು ಓದುವುದನ್ನು ಮಾತ್ರ ಶೀಲಾ ಪೂರ್ತಿ ಕಲಿತಿದ್ದಳು. ತಟ್ಟೆ ಚಾಚಿದಳು.

ದೊಡ್ಡ ಪಾರ್ಕಿಗೆ ಆಟೋದಲ್ಲಿ ಬಂದರು. ಇಳಿಯಲು ಕಾಲು ಮಡಚಲಾಗದೆ ಹಾಲೇಶನ ಹೆಗಲು ಹಿಡಿಯಬೇಕಾಯಿತು. ಮಾಸ್ತಮ್ಮ ಪದಕವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು, ಕಣ್ಣಿಗೊತ್ತಿಕೊಂಡಳು. ಅವಳ ಬಲಮಗ್ಗುಲಲ್ಲಿ ಮೂರು ಹುಣಿಸೆಬೀಜವಿತ್ತು, ಪಕ್ಕದಲ್ಲಿ ಒಂದು ಒಣಗಿದ ಅಶ್ವತ್ಥದ ಹಣ್ಣು.

"ಮೂರೇ ಬೀಜ ತಂದಿದ್ದೆ. ನೀನು ನೋಡಿದ್ರೆ ನಾಲ್ಕು ಸುತ್ತು ಬಂದೆ. ನಾನೇನ್ ಮಾಡ್ಲಿ, ಇದನ್ನ ಇಟ್ಟೆ."

"ಎಲ್ಲಾ ಆಯ್ತಲ್ಲ ಅತ್ತೆ. ಹೊರಡೋಣ್ವಾ?"

"ಎಲ್ಲಿ ಆಯ್ತು? ಎಡಕ್ಕೆ ಮೂರು, ಬಲಕ್ಕೆ ಒಂದು. ಇನ್ನೆರಡು ಬಾಕಿ ಇದೆ. ಅರ್ಧಕ್ಕೆ ಬಿಟ್ಟು ಹೋಗ್ತೀಯಾ?"

ಹಾಲೇಶ ತಲೆ ಚಚ್ಚಿಕೊಂಡ. ಶೀಲಾ ಜೋರಾಗಿ ನಕ್ಕಳು, ಈ ಸಲ ಒಂದು ಕ್ಷಣವೂ ತಡವಾಗದೆ. ಶೂ ಬಿಚ್ಚಿ ಕಟ್ಟೆಯ ಕೆಳಗಿಟ್ಟು, ಅತ್ತೆಗೆ ಕೈ ಕೊಟ್ಟು ಎಬ್ಬಿಸಿದಳು. ಕಾಲಿಗೆ ಹುಲ್ಲಿನ ತಂಪು ತಾಕಿತು. ಮಂಡಿನೋವಿನವಳೂ ಓಡಿ ಬಂದವಳೂ ಒಂದೇ ನಡಿಗೆಯಲ್ಲಿ ಕುಂಟುತ್ತಾ ಉಯ್ಯಾಲೆಗಳ ಕಡೆ ಹೊರಟರು. ಹಾಲೇಶ ಹಿಂದೆ ಬಂದ. ರೂಢಿಯಂತೆ ಅವನ ಕೈ ಗಡಿಯಾರದ ಕಡೆ ಹೋಗುವುದನ್ನು ಕಂಡು ಶೀಲಾ ತಿರುಗಿ, "ಇದಕ್ಕೆ ಟೈಮ್ ಬರ್ಕೋಬೇಡ್ರಿ," ಎಂದಳು.

ಅವನು ಅಂಗಿಯ ತೋಳು ಕೆಳಗೆಳೆದು ಗಡಿಯಾರ ಮುಚ್ಚಿಕೊಂಡ. ಕಟ್ಟೆ ಬಲಗಡೆಗಿತ್ತು.